ಕಪ್ಪೆಚಿಪ್ಪಿನ ಬಣ್ಣದ ಉಗುರು

ಅತ್ತೆಯ ಮೇಲೆ ನಾನು ಸೇಡು ತೀರಿಸಿಕೊಂಡದ್ದು ಹತ್ತು ಉಗುರಿನಿಂದ. ಇವತ್ತಿಗೂ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಯುದ್ಧದ ಕಾಲ. ತಾಯಿಯಿಲ್ಲದ ನನ್ನನ್ನು ಮದ್ದೂರಿನಿಂದ ಕರೆತಂದು ಮಂಡ್ಯದ ಸೋದರಮಾವ ಸಾಕಿಕೊಂಡಿದ್ದರು. ಅವರು ಸಾಧು ಮನುಷ್ಯ. ಮನೆಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ. ಅವರ ಹೆಂಡತಿಯೇ ಈ ಅತ್ತೆ. ನನಗೆ ತಂಗಳು ಮುದ್ದೆ ಹಾಕುವರು, ಅದನ್ನೂ ನಾಲ್ಕು ಜನರ ಮುಂದೆ ಆಡಿ ತೋರಿಸುವರು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಇಂಜಿನಿಯರರ ಹೆಂಡತಿ ಒಂದು ದಿನ ನನ್ನ ಉಗುರಿಗೆ ಬಣ್ಣ ಹಚ್ಚಿದರು. ನಾನು ಕಂಡಿದ್ದದ್ದು ಗೋರಂಟಿಯ ಕೆಂಪು ಮಾತ್ರ. ಇದು ಕೆಂಪಲ್ಲ, ಬಿಳಿಯೂ ಅಲ್ಲ. ನಮ್ಮ ಶಿಂಷಾ ಹೊಳೆಯ ಕಪ್ಪೆಚಿಪ್ಪಿನ ಒಳಮೈಯಂತೆ, ಕೈ ತಿರುಗಿಸಿದರೆ ಒಮ್ಮೆ ಗುಲಾಬಿ, ಒಮ್ಮೆ ಬೆಳ್ಳಿ. ಈ ಕೈ ಸಗಣಿಯನ್ನೇ ಬಾಚಿಲ್ಲವೇನೋ ಅನ್ನಿಸಿತು.

ಅತ್ತೆ ಕಂಡೊಡನೆ ಕೂಗಿದರು: "ಥೂ ಮೂದೇವಿ, ತೊನ್ನು ಬಂದೋಳಂಗೆ ಕಾಣ್ತೀಯಲ್ಲೇ!"

ಬೀದಿಯವರೆಲ್ಲ ನೋಡುವಂತೆ ಜಗಲಿಯ ಮೇಲೆ ಕೂರಿಸಿ, ಇಟ್ಟಿಗೆ ಚೂರಿನಿಂದ ರಕ್ತ ಬರುವವರೆಗೆ ಉಜ್ಜಿ ಬಣ್ಣ ಕಿತ್ತರು. ನಾನು ಅಳಲಿಲ್ಲ. ಇರು, ಮಾಡ್ತೀನಿ ಎಂದುಕೊಂಡೆ.

ಗಾಯ ಮಾಯುವಷ್ಟರಲ್ಲಿ ಮಳವಳ್ಳಿಯಿಂದ ಸಂಬಂಧ ಬಂತು. ಗಂಡು ಅತ್ತೆಯ ದೂರದ ನೆಂಟ. ಹೆಂಡತಿ ಸತ್ತು, ಮೂರು ಮಕ್ಕಳಿದ್ದ, ಮಾವನಿಗಿಂತ ವಯಸ್ಸಾದ ಆಸಾಮಿ. ಅತ್ತೆಗೆ ಪೀಡೆ ತೊಲಗಿದರೆ ಸಾಕಿತ್ತು. ಒಲ್ಲೆ ಎನ್ನುವ ಹಕ್ಕು ನನಗಿರಲಿಲ್ಲ, ಅದು ಗಂಡಿನ ಕಡೆಯವರಿಗೆ ಮಾತ್ರ. ತೊನ್ನಿನ ಅನುಮಾನ ಬಂದರೆ ಆಗೆಲ್ಲ ಯಾರೂ ಹೆಣ್ಣು ಒಪ್ಪುತ್ತಿರಲಿಲ್ಲ.

ಅವರು ಹೆಣ್ಣು ನೋಡಲು ಬಂದ ದಿನ ಜಡೆ ಹಾಕಿಸಿಕೊಳ್ಳುವ ನೆಪದಲ್ಲಿ ಪಕ್ಕದ ಮನೆಗೆ ಹೋದೆ. ಹತ್ತೂ ಉಗುರಿಗೆ ಅದೇ ಬಣ್ಣ ಬಳಿಸಿಕೊಂಡೆ. ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಂದು, ಎಲೆ ಅಡಿಕೆಯ ತಟ್ಟೆಯನ್ನು ಗಂಡಿನ ಅಕ್ಕನ ಮುಂದೆ ಹಿಡಿದೆ.

ಆಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಇದ್ಯಾಕವ್ವ ಉಗುರು ಇಂಗವೆ?"

"ಅತ್ತೆ ಇಟ್ಟಿಗೇಲಿ ಉಜ್ಜುದ್ರು ಕಣಮ್ಮ. ಆಗ ಓಯ್ತು, ಈಗ ಮತ್ತೆ ಬಂತು," ಎಂದೆ. ಒಂದಕ್ಷರವೂ ಸುಳ್ಳಲ್ಲ.

ಅತ್ತೆ ಹೌಹಾರಿದರು. "ಅಯ್ಯೋ, ಅದು ಬಣ್ಣ ಕಣಕ್ಕ!"

"ಬಣ್ಣ ಆದ್ರೆ ತೊಳ್ದು ತೋರ್ಸವ್ವ."

ನೆಂಟರೆದುರು ಮತ್ತೆ ಇಟ್ಟಿಗೆ ಹಿಡಿಯುವಂತಿರಲಿಲ್ಲ. ಅತ್ತೆ ಚೊಂಬು ಚೊಂಬು ನೀರು ಸುರಿದರು. ಸೀಗೆಪುಡಿ ತಿಕ್ಕಿದರು, ಬೂದಿ ತಿಕ್ಕಿದರು. ತಿಕ್ಕಿದಷ್ಟೂ ಉಗುರು ಫಳಫಳ ಹೊಳೆಯಿತು. ಪಕ್ಕದ ಮನೆಯಲ್ಲಿರುವ, ಬಣ್ಣ ತೆಗೆಯುವ ಇನ್ನೊಂದು ಸೀಸೆಯ ಔಷಧಿಗೆ ಮಾತ್ರ ಅದು ಸಲೀಸಾಗಿ ಬಿಡುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಗಂಡಿನ ಅಕ್ಕ ಎದ್ದೇಬಿಟ್ಟರು. "ನೆಂಟ್ರು ಅಂತ ನಂಬ್ಕಂಡು ಬಂದ್ರೆ, ಮುಚ್ಚಿಟ್ಟು ನಮ್ ತಲೆಗೆ ಕಟ್ಟಕ್ ನೋಡಿದ್ಯಲ್ಲೇ! ಇನ್ ನಮ್ಮಟ್ಟಿ ಬಾಗ್ಲು ತುಳೀಬ್ಯಾಡ, ಓಗು." ಎಲೆ ಮುಟ್ಟದೆ ಎಲ್ಲರೂ ಹೊರಟುಹೋದರು.

ಅತ್ತೆ ಹೊಸಿಲ ಬಳಿ ಕುಸಿದು ಕೂತು ಅತ್ತರು. ನನಗೆ ಸಾಸಿವೆಯಷ್ಟೂ ಮರುಕ ಬರಲಿಲ್ಲ. ನೆಂಟರಿಗೆಂದು ಕರಿದಿಟ್ಟಿದ್ದ ಕಜ್ಜಾಯದ ಡಬ್ಬ ತಂದು, ಅವರೆದುರಿಗೇ ಕೂತು ತಿಂದೆ. ಆ ಮನೆಯಲ್ಲಿ ನನ್ನ ಕೈಯಾರೆ ಬಡಿಸಿಕೊಂಡದ್ದು ಅದೇ ಮೊದಲು. ಅತ್ತೆ ನೋಡುತ್ತಲೇ ಇದ್ದರು, ತಡೆಯಲಿಲ್ಲ. ಇನ್ನೊಂದು ತೆಗೆದುಕೊಂಡೆ.