ಮಾವನ ಕಾರು ಬಿಸಿಯಾಗುವುದಿಲ್ಲ

ಮೂಡಲಗಿಯಲ್ಲಿ ನನ್ನದೊಂದು ಬಾಡಿಗೆ ಕಾರು ಇದೆ. ಹಳೆಯದು. ಅದರ ಮೀಟರಿನ ಪಕ್ಕ ಇಂಜಿನ್ ಚಿತ್ರದ ಹಳದಿ ದೀಪ ಪದೇ ಪದೇ ಹತ್ತಿಕೊಳ್ಳುತ್ತಿತ್ತು. ಪ್ರತಿ ಸಲ ಗ್ಯಾರೇಜಿಗೆ ಹೋಗಿ ಕೇಳುವುದು ಬೇಡ, ನಾನೇ ಓದಿಕೊಳ್ಳೋಣ ಎಂದು ಆನ್‌ಲೈನಿನಲ್ಲಿ ಒಂದು ಸ್ಕ್ಯಾನರ್ ತರಿಸಿದೆ. ಬೆಂಕಿಪೆಟ್ಟಿಗೆಯಷ್ಟು ಡಬ್ಬಿ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಇಂಜಿನ್ನಿನ ತಕರಾರನ್ನು ಮೊಬೈಲಿಗೆ ಹೇಳುತ್ತದೆ. ಒಂದು ಅಕ್ಷರ, ನಾಲ್ಕು ಅಂಕಿ, ಅದರ ಕೆಳಗೆ ಒಂದು ಸಾಲು ಇಂಗ್ಲಿಷ್. ನಾನು ಹತ್ತನೇ ಇಯತ್ತೆ ಪಾಸಾದದ್ದು ಮೀಸೆ ನೆರೆಯತೊಡಗಿದ ಮೇಲೆ. ಹೀಗಾಗಿ ನಾನು ಇಂಗ್ಲಿಷ್ ಓದಿ ಅರ್ಥ ಹೇಳುವುದನ್ನು ನೋಡಲು ನಮ್ಮ ಬಳಗದವರಿಗೆ ಇಂಜಿನ್ನಿಗಿಂತ ಹೆಚ್ಚು ಕುತೂಹಲ.

ಬೇಸಿಗೆಯಲ್ಲಿ ಘೋಡಗೇರಿಯಿಂದ ನನ್ನ ಸೋದರಮಾವ ಫೋನ್ ಮಾಡಿದ.

“ಅಳಿಯಾ, ನಿನ್ನ ಡಬ್ಬಿ ತಗೊಂಡ ಬಾ. ಗಾಡಿ ಗುಜರಿಗೆ ಹೊಂಟೈತಿ.”

ಮಾವನ ಪೆಟ್ರೋಲ್ ಕಾರು ನನ್ನದಕ್ಕಿಂತ ಹಳೆಯದು. ದಿನಾ ಮುಂಜಾನೆ ಅದನ್ನು ತಾನೇ ಓಡಿಸಿಕೊಂಡು ಗೋಕಾಕಿಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಗೆಳೆಯರ ಜೊತೆ ಚಾ ಕುಡಿದು, ಎಲ್ಲರ ಮನೆಯ ಸಂಗತಿಗೂ ತೀರ್ಪು ಕೊಟ್ಟು, ಊಟದ ಹೊತ್ತಿಗೆ ಮರಳುವುದು ಅವನ ರೂಢಿ. ಮಗ ಹುಕ್ಕೇರಿಯಲ್ಲಿ ನೌಕರಿಯಲ್ಲಿದ್ದಾನೆ, ಬೈಕಿನಲ್ಲಿ ಓಡಾಡುತ್ತಾನೆ. ಕಾರು ಪೆಟ್ರೋಲ್ ಕುಡಿಯುತ್ತದೆ, ಹಳದಿ ದೀಪ ಆರಿದ್ದನ್ನೇ ತಾನು ನೋಡಿಲ್ಲ, ಇದನ್ನು ಮಾರಿಬಿಡೋಣ ಎನ್ನುವುದು ಅವನ ವಾದ.

ನಾನು ಹೋದಾಗ ಇಬ್ಬರೂ ಕಾರಿನ ಆಚೆ ಒಬ್ಬ, ಈಚೆ ಒಬ್ಬ ನಿಂತಿದ್ದರು.

“ಡಬ್ಬಿ ಏನ್ ಹೇಳತೈತಿ, ಅದಕ್ಕ ನಾವಿಬ್ಬರೂ ಒಪ್ಪೂನು,” ಎಂದ ಮಾವ.

“ಆತ ತಗೋ. ಇಂಜಿನ್ ಹೋಗೇತಿ ಅಂದ್ರ ನಾಳಿಗೆ ಗುಜರಿ. ಇಲ್ಲಂದ್ರ ಇರ್ಲಿ, ನಾ ತಕರಾರ ಮಾಡಂಗಿಲ್ಲ,” ಎಂದ ಮಗ.

ಇಷ್ಟು ದೊಡ್ಡ ಅಧಿಕಾರ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಡಬ್ಬಿ ಚುಚ್ಚಿದೆ. ಸೀಟು ಮುಟ್ಟಿದರೆ ಚುರ್ ಎನ್ನುವಂಥ ಬಿಸಿಲು. ಮೊಬೈಲಿನಲ್ಲಿ ಒಂದೇ ಒಂದು ಕೋಡ್ ಬಂತು. ನಿಧಾನವಾಗಿ ಓದಿ, ಶಬ್ದಕ್ಕೆ ಶಬ್ದ ಕೂಡಿಸಿ ಹೇಳಿದೆ: ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ.

“ಇನ್ನೊಮ್ಮಿ ಓದ್ರಿ,” ಎಂದ ಮಗ. ಓದಿದೆ. ಅದೇ ಬಂತು.

“ಈ ಬಾನೆಟ್ ಮ್ಯಾಲ ಹಪ್ಪಳಾ ಇಟ್ರ ಸುಡತೈತಿ. ಇಂಜಿನ್ನಿಗೆ ಥಂಡಿ ಆಗೇತಿ ಅಂತೈತೇನ್ರಿ ಇದು? ಯಾ ದೇಶದ್ದ ತರಿಸೀರಿ ಇದನ್ನ?”

ಮಾವನ ಮುಖ ಮಾತ್ರ ಅರಳಿತ್ತು. “ನಾ ಮೊದಲಿಂದನೂ ಏನ್ ಹೇಳಕೊಂತ ಬಂದೇನಿ? ಮಂದಿ ಗಾಡಿ ಗುಡ್ಡ ಏರೂದ್ರಾಗ ಕುದೀತಾವು, ನನ್ನ ಗಾಡ್ಯಾಗ ಬಿಸಿ ತೋರಸೂ ಮುಳ್ಳ ತಳಾ ಬಿಟ್ಟ ಮ್ಯಾಲ ಏಳಂಗಿಲ್ಲ. ಇದ ತಕರಾರ ಅಲ್ಲೋ ಹುಚ್ಚಾ, ಸರ್ಟಿಫಿಕೇಟು.”

ಇಂಜಿನ್ ಹೋಗಿದೆ ಎಂದು ಡಬ್ಬಿ ಹೇಳಿರಲಿಲ್ಲವಾದ್ದರಿಂದ ಕಾರು ಉಳಿಯಿತು. ಕೋಡ್ ಅಳಿಸಿದೆ, ದೀಪ ಆರಿತು. ಒಂದು ವಾರದಲ್ಲಿ ಮತ್ತೆ ಹತ್ತಿತು. ಓದಲು ಬರುವವನಿಗೆ ಸುಮ್ಮನಿರಲು ಬರುವುದಿಲ್ಲ. ಮಾವನನ್ನು ಕರೆದುಕೊಂಡು ಅವನ ಖಾಯಂ ಮೆಕ್ಯಾನಿಕ್ ಇರುವ ಗೋಕಾಕಿನ ಗ್ಯಾರೇಜಿಗೆ ಹೋದೆ. ಕೋಡ್ ಕೇಳಿ ಮೆಕ್ಯಾನಿಕ್ ನಕ್ಕುಬಿಟ್ಟ.

“ಬಿಸಿ ಹೆಂಗ ಆಗಬೇಕ್ರಿ? ಥರ್ಮೋಸ್ಟ್ಯಾಟ್ ಎಲ್ಲೈತಿ ಇದಕ್ಕ? ನಾನ ತಗದ ಒಗದೇನಿ. ಕಾಕಾರ ಬಾಜೂಕ ನಿಂತ ತಗಸ್ಯಾರು.”

ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ನೀರನ್ನು ತಡೆದು ನಿಲ್ಲಿಸುವ ಸಣ್ಣ ಬಾಗಿಲು ಅದು. ನಮ್ಮ ಕಡೆಯ ಬಿಸಿಲಿಗೆ ಅದು ಯಾಕೆ ಎಂದು ಹಳೆಯ ಗಾಡಿಗಳಿಂದ ಕಿತ್ತು ಹಾಕುವುದು ಇಲ್ಲಿ ರೂಢಿ. ಕಿತ್ತವರು ಉಪಕಾರ ಮಾಡಿದೆವೆಂದುಕೊಳ್ಳುತ್ತಾರೆ, ಕೀಳಿಸಿಕೊಂಡವರು ಜಾಣರಾದೆವೆಂದುಕೊಳ್ಳುತ್ತಾರೆ. ಇಂಜಿನ್ ಮಾತ್ರ ಇಡೀ ದಿನ ಈಗಷ್ಟೇ ಎದ್ದವರ ಹಾಗೆ ಓಡುತ್ತದೆ.

“ಮಾಮಾ, ನಿನ್ನ ಇಂಜಿನ್ನಿಗೆ ಇನ್ನೂ ಬೆಳಕ ಹರದಿಲ್ಲ. ಅದಕ್ಕ ಪೆಟ್ರೋಲ್ ಜಾಸ್ತಿ ಕೇಳಾಕತ್ತೈತಿ,” ಎಂದು ತಿಳಿಸಿ ಹೇಳಿದೆ.

“ನನ್ನಂಗ ಆತು. ಎರಡ ಚಾ ಒಳಗ ಹೋಗೂತನಾ ನಾನರ ಎಲ್ಲಿ ಏಳತೇನಿ?”

ಹೊಸ ಥರ್ಮೋಸ್ಟ್ಯಾಟ್ ಕೂಡಿಸಿದೆವು. ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು. ದೀಪ ಮತ್ತೆ ಹತ್ತಲಿಲ್ಲ. ಪೆಟ್ರೋಲ್ ಕಡಿಮೆಯಾಯಿತು. ಮಗ ಫೋನ್ ಮಾಡಿ, “ಖರೆ ಹೇಳ್ತೇನ್ರಿ, ನೀವು ಸಾಲಿ ಕಲತದ್ದು ಸಾರ್ಥಕ ಆತು,” ಎಂದ. ಆ ಮಾತನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿದೆ.

ಮಳೆಗಾಲ ಹಿಡಿಯಿತು. ಕಾರು ಇಷ್ಟು ಚೆನ್ನಾಗಿರುವಾಗ ಬೈಕಿನಲ್ಲಿ ನೆನೆಯುವುದೇಕೆ ಎಂದು ಮಗ ಅದನ್ನೇ ಹುಕ್ಕೇರಿಗೆ ಒಯ್ಯತೊಡಗಿದ. ಮುಂಜಾನೆ ಹೋದ ಕಾರು ಸಂಜೆ ಬರುತ್ತಿತ್ತು. ಕೀಲಿ ಮಗನ ಕಿಸೆ ಸೇರಿತು. ಮಾವ ಬಸ್ಸಿಗೆ ನಿಂತ. ಬಸ್ಸು ಗೋಕಾಕ ಮುಟ್ಟುವ ಹೊತ್ತಿಗೆ ಗೆಳೆಯರು ಚಾ ಮುಗಿಸಿ, ತೀರ್ಪುಗಳನ್ನು ತಾವೇ ಕೊಟ್ಟುಕೊಂಡು ಎದ್ದು ಹೋಗಿರುತ್ತಿದ್ದರು. ಕೆಲವು ದಿನ ಹೀಗೆ ಹೋಗಿ ಬಂದು, ಆಮೇಲೆ ಹೋಗುವುದನ್ನೇ ಬಿಟ್ಟ. ಮತ್ತೆ ನನಗೆ ಫೋನ್ ಬಂತು.

“ಅಳಿಯಾ, ನಿನ್ನ ಡಬ್ಬಿಗೆ ದೀಪ ಆರಸಾಕ ಬರ್ತೈತಿ. ಹಚ್ಚಾಕ ಬರ್ತೈತೇನ?”

“ಇಲ್ಲ ಮಾಮಾ. ಓದತೈತಿ, ಅಳಸತೈತಿ. ಅಷ್ಟ.”

“ಅರ್ಧಾ ಸಾಲಿ ಕಲತೈತಿ ಹಂಗಾರ,” ಎಂದು ಫೋನ್ ಇಟ್ಟ.

ಮುಂದಿನ ರವಿವಾರ ಮಗನಿಗೆ ರಜೆ, ಕಾರು ಮನೆಯಲ್ಲಿತ್ತು. ಮಾವ ಅದನ್ನು ತೆಗೆದುಕೊಂಡು ಗೋಕಾಕಿಗೆ ಬಂದು, ನನ್ನನ್ನೂ ಗ್ಯಾರೇಜಿಗೆ ಕರೆಸಿಕೊಂಡ. ನಾನು ಹೋಗುವಷ್ಟರಲ್ಲಿ ಮೆಕ್ಯಾನಿಕ್ ಬೋಲ್ಟ್ ಸಡಿಲಿಸುತ್ತಿದ್ದ.

“ನೋಡ್ರಿ ಇವರನ್ನ. ಮಂದಿ ಹಾಕಸಾಕ ಬರ್ತಾರ, ಕಾಕಾರ ಹೊಸಾದ್ದ ತಗಸಾಕ ಬಂದಾರು,” ಎಂದ ಅವನು.

ನಾನು ಮಾವನಿಗೆ ಬುದ್ಧಿ ಹೇಳಲು ನೋಡಿದೆ. “ಹಿಂಗ ಓಡಿಸಿದ್ರ ಇಂಜಿನ್ ಬಾಳಿಕಿ ಬರಂಗಿಲ್ಲ ಮಾಮಾ.”

“ನೆಟ್ಟಗಿದ್ರ ಗಾಡಿ ಮಗನ ಕೈಯಾಗ ಇರ್ತೈತಿ. ಕೆಟ್ರ ನನ್ನ ಕೈಯಾಗ ಇರ್ತೈತಿ. ನೀ ಶಾಣ್ಯಾ ಅದಿ, ನೀನ ಹೇಳು, ನನಗ ಯಾವುದು ಬೇಕು?”

ಅಷ್ಟರಲ್ಲಿ ಹೊಸ ಥರ್ಮೋಸ್ಟ್ಯಾಟ್ ಹೊರಗೆ ಬಂದಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಂಡ.

ಅದೇ ವಾರ ದೀಪ ಹತ್ತಿತು. ಈ ಸಲ ಕರೆದವನು ಮಗ. ಡಬ್ಬಿ ಮೊದಲಿನ ಸಾಲನ್ನೇ ಹೇಳಿತು, ನಾನು ಓದಿದೆ.

“ಹೊಸಾದ್ದ ಹಾಕಿಸಿದ ಮ್ಯಾಲೂ ಅದನ್ನ ಹೇಳತೈತಿ? ಯಾಕ ಅಂತ ಹೇಳೂದಿಲ್ಲೇನ್ರಿ ಇದು?”

“ಯಾಕ ಅಂತ ಡಬ್ಬಿ ಹೇಳೂದಿಲ್ಲ. ಏನ ಅಂತ ಅಷ್ಟ ಹೇಳತೈತಿ,” ಎಂದೆ. ಮಾವ ದೂರದಲ್ಲಿ ಕಟ್ಟಿದ್ದ ಎಮ್ಮೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಮಗ ಬಾನೆಟ್ ಮೇಲೆ ಒಂದು ಏಟು ಹಾಕಿದ. “ಇಂಥಾ ಗಾಡಿ ನಂಬಿ ಡ್ಯೂಟಿಗೆ ಹೆಂಗ ಹೋಗೂದು. ಮಾತ ಕೊಟ್ಟೇನಿ, ಗುಜರಿಗೆ ಹಾಕಂಗಿಲ್ಲ. ಅಪ್ಪಾನ ಇಟಗೊಳ್ಳಲಿ,” ಎಂದು ಕೀಲಿಯನ್ನು ಸೀಟಿನ ಮೇಲೆ ಎಸೆದು ಬೈಕ್ ಒರೆಸಲು ಹೋದ.

ಡಬ್ಬಿ ಕೀಳಲು ನಾನು ಇನ್ನೂ ಸ್ಟೇರಿಂಗ್ ಕೆಳಗೆ ತಲೆ ತೂರಿಸಿದ್ದೆ. ಮಾವ ಆಗಲೇ ನನ್ನ ಬೆನ್ನಿನ ಮೇಲಿಂದ ಕೈ ಚಾಚಿ ಕೀಲಿ ಎತ್ತಿಕೊಂಡಿದ್ದ.

“ಲಗೂ ತಲಿ ತಗಿ ಅಳಿಯಾ. ಗೋಕಾಕದಾಗ ಅವರು ಚಾ ಹೇಳಿಬಿಡತಾರು.”