ಚಿಕ್ಕಮ್ಮನ ಕೆಂಪು ಪುಡಿ

ರಕ್ತ ಕಮ್ಮಿ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಮಗಳು ಬೀಟ್‌ರೂಟ್ ಪುಡಿಯ ಪೊಟ್ಟಣ ತಂದಿಟ್ಟಳು. ಬಿಚ್ಚಿದೊಡನೆ ಹಸಿ ಮಣ್ಣಿಗೆ ಸಿಹಿ ಬೆರೆತಂಥ ವಾಸನೆ ಬಂತು. ಕಂದಿಕೆರೆಯ ನಮ್ಮ ಹಳೇ ಮನೆಯ ಅಡುಗೆಕೋಣೆಯಲ್ಲಿ ನಿಂತಂತಾಯಿತು. ಅಟ್ಟದ ತುಂಬ ಕೊಬ್ಬರಿ ಒಣಗುತ್ತಿದ್ದ ಮನೆ ಅದು. ಎಂಟು ವರ್ಷದ ನಾನು ಕಡ್ಡಿಯಂತಿದ್ದೆ. ಕೋಲಾರದ ಕಡೆಯಿಂದ ಮದುವೆಯಾಗಿ ಬಂದ ಚಿಕ್ಕಮ್ಮ, ತವರಲ್ಲಿ ಒಣಗಿಸಿ ಬೀಸಿದ ಕೆಂಪು ಪುಡಿಯನ್ನು ಡಬ್ಬಿಯಲ್ಲಿ ತಂದು, ದಿನಾ ಬೆಳಿಗ್ಗೆ ನನ್ನ ರಾಗಿ ಗಂಜಿಗೆ ಒಂದು ಚಮಚ ಬೆರೆಸುತ್ತಿದ್ದಳು. "ಗೆಡ್ಡೆ ಪುಡಿ ಅತ್ತೆ, ಮಗೂಗೆ ರಕ್ತ ಆಗ್ತದೆ" ಅಂದರೆ ಅಜ್ಜಿ ಡಬ್ಬಿಯನ್ನೇ ನೋಡುತ್ತಿದ್ದಳು. ಊಟದಲ್ಲಿ ಮದ್ದಿಟ್ಟು ಮನಸ್ಸು ತಿರುಗಿಸುತ್ತಾರೆಂಬ ಭಯ ಆಗ ನಮ್ಮ ಕಡೆ ಮನೆಮನೆಯಲ್ಲೂ ಇತ್ತು; ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅಷ್ಟರಲ್ಲಿ ನಾನು ಅಜ್ಜಿಯ ಮಗ್ಗುಲು ಬಿಟ್ಟು ಚಿಕ್ಕಮ್ಮನ ಪಕ್ಕ ಮಲಗತೊಡಗಿದ್ದೆ. ಅಜ್ಜಿಗೆ ಇನ್ನೇನು ಬೇಕಿತ್ತು?

ಒಂದು ದಿನ ಅಜ್ಜಿ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದಳು. "ನಿಜ ಹೇಳು ಕಣೇ, ಅದನ್ನ ಕುಡುದ್ಮೇಲೆ ನಿಂಗೇನಾಯ್ತದೆ?" ಉಚ್ಚೆ ಕೆಂಪಗೆ ಹೋಗುತ್ತದೆ ಅಂದೆ. ಅದು ನಿಜ. ಅಜ್ಜಿಯ ಮುಖ ಕಪ್ಪಿಟ್ಟಿತು. ಅವಳು ನನ್ನನ್ನು ತಬ್ಬಿಕೊಂಡಾಗ, ಹೊಟ್ಟೆಯೂ ನೋಯುತ್ತದೆ ಅಂದುಬಿಟ್ಟೆ. ಅದು ಸುಳ್ಳು.

ಅಜ್ಜಿ ಡಬ್ಬಿಯನ್ನು ಚಿಕ್ಕಪ್ಪನ ಮುಂದೆ ತಂದಿಟ್ಟಳು. "ಕೇಳ್ಲಾ ನಿನ್ನೆಂಡ್ತೀನ, ಮಗೀಗೆ ಏನಾಕವ್ಳೆ ಅಂತ. ಉಚ್ಚೆ ಕೆಂಪಗೆ ಹೋಯ್ತದಂತೆ, ಹೊಟ್ಟೆ ನೋಯ್ತದಂತೆ." ಚಿಕ್ಕಪ್ಪ ನೆಲ ನೋಡಿಕೊಂಡು ಕೂತ. ಚಿಕ್ಕಮ್ಮ ಅಳಲಿಲ್ಲ. ಒಂದು ಹಿಡಿ ಪುಡಿ ತೆಗೆದು ಬಾಯಿಗೆ ಹಾಕಿಕೊಂಡು, ನೀರಿಲ್ಲದೆ, ಕೆಮ್ಮುತ್ತ ನುಂಗಿದಳು. ತುಟಿ, ಹಲ್ಲು ಎಲ್ಲ ಕೆಂಪು. "ನಂಗೂ ಹಂಗೇ ಆಗ್ತದೆ ಅತ್ತೆ, ಈ ಗೆಡ್ಡೆ ಗುಣವೇ ಹಂಗೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹೊಟ್ಟೆ ನೋಯ್ತಿತ್ತೇನಮ್ಮ?" ಎಂದು ಮೆಲ್ಲಗೆ ಕೇಳಿದಳು. ನಾನು ಅಜ್ಜಿಯ ಸೀರೆಯ ಹಿಂದೆ ಸರಿದೆ. ಅಜ್ಜಿ ಡಬ್ಬಿಯನ್ನು ತಿಪ್ಪೆಗೆ ಸುರಿದಳು.

ಆ ವರ್ಷವೇ ಚಿಕ್ಕಪ್ಪ ತಿಪಟೂರಲ್ಲಿ ಬೇರೆ ಮನೆ ಮಾಡಿದ. ಅಜ್ಜಿ ಹೋದಳು, ಮನೆ ಬಿತ್ತು, ಅಡುಗೆಕೋಣೆಯಿದ್ದ ಜಾಗದಲ್ಲಿ ಈಗ ತೆಂಗಿನ ಸಸಿಗಳಿವೆ. ಚಿಕ್ಕಮ್ಮ ನನ್ನನ್ನು ಯಾವತ್ತೂ ದೂರ ಮಾಡಲಿಲ್ಲ. ಹೋದಾಗಲೆಲ್ಲ ಬಿಸಿ ಅಡುಗೆ ಮಾಡಿ ತಟ್ಟೆ ಇಡುತ್ತಿದ್ದಳು. ಆ ಸುಳ್ಳನ್ನು ಒಪ್ಪಿಕೊಳ್ಳಬೇಕೆಂದು ಎಷ್ಟೋ ಸಲ ಹೋಗಿ, ಉಂಡು, ಹಾಗೇ ಬಂದೆ. ಹೋದ ವರ್ಷ ಅವಳೂ ತೀರಿಕೊಂಡಳು. ಕೊನೆಯವರೆಗೂ, ತನ್ನದೇ ಮನೆಯಲ್ಲಿ, ನನಗೆ ಬಡಿಸುವ ಮೊದಲು ನನ್ನ ಕಣ್ಣೆದುರೇ ಒಂದು ತುತ್ತು ತಾನು ತಿನ್ನುತ್ತಿದ್ದಳು.