ಬಡಿಸಿಟ್ಟ ತಾಟು

ಮೀನೂಟದ ಹೆಸರು ಹೇಳಿದರೆ ನಾನು ಬಿಸಿಲು ನೋಡುವವನಲ್ಲ. ನಿಡೋಣಿಯ ನನ್ನ ಸಹೋದ್ಯೋಗಿಯೊಬ್ಬ ಕಚೇರಿಯಲ್ಲಿ ಡಬ್ಬಿ ಬಿಚ್ಚಿದಾಗಲೆಲ್ಲ ಆ ಖಾನಾವಳಿಯ ಮಾತು ತೆಗೆದು ನನ್ನ ತಲೆ ತಿಂದಿದ್ದ. ಕೃಷ್ಣೆಯ ಹಿನ್ನೀರಿನಲ್ಲಿ ಒಂದು ನಡುಗಡ್ಡೆ, ಅಲ್ಲಿ ಮೀನು ಹಿಡಿಯುವವರ ಒಂದಿಷ್ಟು ಮನೆ, ಅದರಲ್ಲಿ ಒಂದು ಮನೆಯ ಪಡಸಾಲೆಯೇ ಖಾನಾವಳಿ. ಸೊಸೆ ರೊಟ್ಟಿ ಬಡಿಯುತ್ತಾಳೆ, ಅತ್ತೆ ಬಡಿಸುತ್ತಾಳೆ. ಒಂದು ರವಿವಾರ ಜಲನಗರದ ಮನೆಯಿಂದ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟೆ. "ವಿಜಾಪುರದಾಗ ಮೀನ ಸಿಗೂದಿಲ್ಲೇನ್ರಿ? ನಿಮ್ಮ ನಾಲಿಗಿ ಸಲುವಾಗಿ ನನ್ನ ಬೆನ್ನ ಮುರೀತು" ಎಂದು ಆಕೆ ಬಬಲೇಶ್ವರ ದಾಟುವತನಕ ಗೊಣಗಿದಳು. ಆಕೆಯದೇನೂ ತಪ್ಪಿಲ್ಲ, ರಸ್ತೆ ಹಾಗೇ ಇತ್ತು.

ದಂಡೆಯಲ್ಲಿ ಸ್ಕೂಟರ್ ನಿಲ್ಲಿಸಿ ದೋಣಿ ಹತ್ತಿದೆವು. ಖಾನಾವಳಿಗೆ ಎಂದಾಗ ದೋಣಿಯವನು ನನ್ನ ಮುಖ ದಿಟ್ಟಿಸಿ, "ಹೊಸಬರೇನ್ರಿ?" ಎಂದು ಕೇಳಿದ. ಹೌದೆಂದೆ. ಅವನು ಹುಟ್ಟು ಹಾಕತೊಡಗಿದ. ಗಾಳಿಯೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೂ ನೀರಿನ ಮೇಲಿಂದ ಥಂಡಿ ಏರಿ ಬರುತ್ತಿತ್ತು. ನಡುಗಡ್ಡೆಯಲ್ಲಿ ಮನೆ ಮನೆಯ ಬಾಗಿಲಲ್ಲೂ ಜನ ನಿಂತಿದ್ದರು, ಆದರೆ ಯಾರೂ ಬರ್ರಿ ಅನ್ನಲಿಲ್ಲ, ಎಲ್ಲಿಯವರು ಎಂದು ಕೇಳಲಿಲ್ಲ. ನಾವು ಹೋಗುವ ದಿಕ್ಕನ್ನು ನೋಡುತ್ತಿದ್ದರು ಅಷ್ಟೆ. ನನಗೆ ಊಟದ್ದೇ ಅವಸರ.

ಪಡಸಾಲೆಯಲ್ಲಿ ಯಾರೂ ಕಾಣಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಾಗಿಲಿಗೆ ಎದುರಾಗಿ ಒಂದು ಮಣೆ, ಅದರ ಮುಂದೆ ಬಡಿಸಿಟ್ಟ ತಾಟು: ಬಿಸಿ ರೊಟ್ಟಿ, ಮೀನಿನ ಸಾರು, ಹೆಚ್ಚಿದ ಉಳ್ಳಾಗಡ್ಡಿ. ದೋಣಿ ಕಂಡ ಕೂಡಲೇ ಬಡಿಸಿದ್ದಾರೆ, ಭಲೆ ಖಾನಾವಳಿ ಎಂದುಕೊಂಡು ಕೈ ತೊಳೆದು ಕೂತೇಬಿಟ್ಟೆ. "ಒಂದ ಮಾತ ಕೇಳಿ ಕುಂಡ್ರಬಾರದೇನು?" ಎಂದಳು ಹೆಂಡತಿ. ಅಷ್ಟರಲ್ಲಿ ತುತ್ತು ಬಾಯಲ್ಲಿತ್ತು.

ಕಂಬಕ್ಕೆ ಒರಗಿ ಕೂತಿದ್ದ ಮುದುಕಿಯನ್ನು ಆಗ ನೋಡಿದೆ. ಆ ಮನೆಯ ಅತ್ತೆ. "ಉಣ್ಣಪಾ, ಸಾವಕಾಶ ಉಣ್ಣು" ಎಂದಳು. ನಾನು ಇನ್ನೊಂದು ತುತ್ತು ಮುರಿಯುವಾಗ, "ನೀರಾಗ ಭಾಳ ಥಂಡಿ ಐತೇನು?" ಎಂದು ಕೇಳಿದಳು. ದೋಣಿಯಲ್ಲಿ ಬಂದದ್ದರ ಮಾತೆಂದುಕೊಂಡು, "ಭಾಳ ಥಂಡಿ ಐತ್ರಿ ಯವ್ವಾ" ಎಂದೆ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರೊಟ್ಟಿ ಹಿಡಿದು ಹೊರಬಂದ ಸೊಸೆ ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಇನ್ನೂ ಸಣ್ಣ ವಯಸ್ಸು, ಕೈತುಂಬ ಹಸಿರು ಬಳೆ.

"ಅದು ನನ್ನ ಗಂಡನ ತಾಟ್ರಿ" ಎಂದಳು.

"ಬರ್ಲಿ ಬಿಡ್ರಿ, ಅವರಿಗೆ ಬ್ಯಾರೆ ಬಡಿಸಿದ್ರಾತು" ಎಂದು ನಕ್ಕೆ.

ಮುದುಕಿ ಹೇಳಿದಳು. ಮಳೆಗಾಲದಲ್ಲಿ ಬಲೆ ಹಾಕಲು ಹೋದ ಮಗ ತಿರುಗಿ ಬಂದಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೆಣ ಸಿಗದವನಿಗೆ ಅವರಲ್ಲಿ ದಿನಾ ಮಧ್ಯಾಹ್ನ ತಾಟು ಬಡಿಸಿಡುತ್ತಾರೆ. ಏನೂ ತಿಳಿಯದ ಪರವೂರಿನವನೊಬ್ಬ ಬಂದು, ಯಾರೂ ಕರೆಯದೆ ಅದರ ಮುಂದೆ ಕೂತು ಉಂಡು, ಹೊಟ್ಟೆ ತುಂಬಿತು ಎಂದು ತನ್ನ ಬಾಯಿಂದ ಹೇಳಬೇಕು. ಆಗ ಹೋದವನು ಉಂಡಂತೆ. ಅಲ್ಲಿಗೆ ಕಾಯುವುದು ಮುಗಿಯಿತು, ಸತ್ತವನ ದಿನ ಮಾಡಿ ಹೆಂಡತಿಯ ಬಳೆ ಒಡೆಯುತ್ತಾರೆ. ಅಲ್ಲಿಯತನಕ ಅವನು ನೀರಲ್ಲಿ ಹಸಿದುಕೊಂಡೇ ಇರುತ್ತಾನಂತೆ. ಸೊಸೆ ಒಪ್ಪಿರಲಿಲ್ಲ. ಗಂಡ ಎಲ್ಲೋ ದಂಡೆ ಹತ್ತಿದ್ದಾನೆ, ಬಂದೇ ಬರುತ್ತಾನೆ ಎಂದು ಗಿರಾಕಿಗಳನ್ನೆಲ್ಲ ಆ ಮಣೆಯಿಂದ ದೂರ ಕೂರಿಸುತ್ತ ಬಂದಿದ್ದಳು.

"ಹೊಟ್ಟಿ ತುಂಬ್ತೇನಪಾ?" ಎಂದಳು ಮುದುಕಿ.

ನನ್ನ ಹೆಂಡತಿ ತೋಳು ಹಿಡಿದು ಎಳೆದಳು. "ಏಳ್ರಿ, ಮೊದಲ ಏಳ್ರಿ."

"ತಾಟ ಬಿಟ್ಟ ಎದ್ರ ತುಂಬ್ತು ಅಂದಂಗ" ಎಂದಳು ಮುದುಕಿ.

ಸೊಸೆ ನನ್ನ ಬಾಯನ್ನೇ ನೋಡುತ್ತಿದ್ದಳು. ಆಕೆಯ ಗಂಡನನ್ನು ಸಾಯಿಸಲು ಜಲನಗರದಿಂದ ನಾನೇ ಬರಬೇಕಾಗಿತ್ತೇ? ನನ್ನ ಹೊಟ್ಟೆಬಾಕತನದ ಮೇಲೆ ಸಿಟ್ಟು ಬಂತು, ಆ ಮುದುಕಿಯ ಮೇಲೂ ಬಂತು. "ಇಲ್ಲ ಯವ್ವಾ, ತುಂಬಿಲ್ಲ. ಇನ್ನೊಂದ ರೊಟ್ಟಿ ಹಾಕ್ರಿ" ಎಂದೆ.

ಸೊಸೆಯ ಮುಖಕ್ಕೆ ಜೀವ ಬಂತು. ಒಳಗೆ ಓಡಿ ರೊಟ್ಟಿ ತಂದಳು, ಸಾರು ಸುರಿದಳು. ಮುದುಕಿ ಮತ್ತೆ ಕೇಳಿದಳು, ನಾನು ಮತ್ತೆ ಇಲ್ಲವೆಂದೆ. ಸೊಸೆ ಮತ್ತೆ ತಂದಳು. ಹೀಗೇ ನಡೆಯಿತು. ಸುಳ್ಳು ಹೇಳಲು ಹೊರಟವನು ನಾನು, ಆದರೆ ದೇವರಾಣೆ, ನನ್ನ ಹೊಟ್ಟೆ ನಿಜವಾಗಿಯೂ ತುಂಬುತ್ತಿರಲಿಲ್ಲ. ತುತ್ತು ಇಳಿದಷ್ಟೂ ಹಸಿವು ಕೆರಳುತ್ತಿತ್ತು. ರೊಟ್ಟಿ ಬಿಸಿಯಿತ್ತು, ಅದನ್ನು ಮುರಿಯುವ ನನ್ನ ಬೆರಳು ಮರಗಟ್ಟಿದ್ದವು. ಬೇಡವೆಂದರೂ ಕೈ ತಾನಾಗಿ ತಾಟಿಗೆ ಹೋಗುತ್ತಿತ್ತು. ಇದು ನನ್ನ ಹಸಿವಲ್ಲ ಎಂದು ಆಗ ತಿಳಿಯಿತು. ಹೆಂಡತಿ ನನ್ನ ತೋಳು ಬಿಟ್ಟು ಗೋಡೆಗೆ ಸರಿದಿದ್ದಳು.

ಸೊಸೆಯೂ ಅದನ್ನು ಕಂಡಳು. ರೊಟ್ಟಿ ಹಿಡಿದಿದ್ದ ಕೈ ಅಲ್ಲೇ ನಿಂತಿತು. ನನ್ನ ಎದುರಿಗೆ ಕೂತಳು, ನಾನು ಗಬಗಬ ನುಂಗುವುದನ್ನು ನೋಡುತ್ತಲೇ ಇದ್ದಳು.

"ಇಷ್ಟ ಹಸಗೊಂಡಿದ್ರೇನ್ರಿ?" ಎಂದಳು. ಅದು ನನಗೆ ಕೇಳಿದ ಮಾತಲ್ಲ. "ನಾನ ನಿಮ್ಮನ್ನ ಉಪವಾಸ ಇಟ್ಟೆ."

ಕೈಯಲ್ಲಿದ್ದ ರೊಟ್ಟಿಯನ್ನು ಆಕೆಯೇ ಮುರಿದು, ಸಾರಿಗದ್ದಿ, ತುತ್ತು ಮಾಡಿ ನನ್ನ ಬಾಯಿಗಿಟ್ಟಳು. ಉಂಡೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಹೊಟ್ಟಿ ತುಂಬ್ತೇನ್ರಿ?"

"ತುಂಬ್ತು" ಎಂದೆ. ಹಾಗನ್ನುವ ಇರಾದೆ ನನಗಿರಲಿಲ್ಲ. ಬೆರಳುಗಳಿಗೆ ಬಿಸಿ ತಿರುಗಿ ಬಂತು.

ಆಕೆ ನನ್ನ ಕೈಗೆ ನೀರು ಹಾಕಿ, ತನ್ನ ಸೆರಗಿನಿಂದ ಒರೆಸಿದಳು. ಬಾಗಿಲತನಕ ಬಂದಳು. ನಮ್ಮ ಕಡೆ ಮನೆಯಿಂದ ಹೊರಡುವವರಿಗೆ, ವೈರಿಯೇ ಆಗಲಿ, ಹೋಗಿ ಬರ್ರಿ ಎನ್ನುತ್ತೇವೆ.

"ಹೋಗ್ರಿ" ಎಂದಳು.